ಜವ್ವರಿಸಿ ಗಂಜಿಯ ಹೆಪ್ಪು

ಡಾಕ್ಟರ್ ಪ್ರಭಾಕರನ್ ಕೇಳಿದ್ದು ಸುಗನ್ಯಾಳನ್ನು. "ಮನೆಯಲ್ಲಿ ಬೇರೆ ಏನಾದರೂ ಕೊಟ್ಟಿರಾ ಅಮ್ಮಾ? ಹೇಳಿಬಿಡಿ, ಬೈಯೋದಿಲ್ಲ" ಎಂದು ತಮಿಳಿನಲ್ಲಿ, ಮೆತ್ತಗೆಯೇ ಕೇಳಿದರು. ಆದರೆ ಉತ್ತರ ಗೊತ್ತಿದ್ದದ್ದು ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ವಿಜಯಕುಮಾರಿಗೆ. ಆಕೆ ತೊಡೆಯ ಮೇಲಿದ್ದ ಕೈಚೀಲದ ಜಿಪ್ಪನ್ನು ಅರ್ಧ ಎಳೆದು, ಮತ್ತೆ ಮುಚ್ಚಿ, ನೆಲ ನೋಡುತ್ತ ಕೂತಳು.

"ಇಲ್ಲಂಗ ಡಾಕ್ಟರ್. ಅನ್ನ ಕೂಡ ತೂಕ ಹಾಕಿಯೇ ಕೊಡೋದು," ಎಂದಳು ಸುಗನ್ಯಾ.

"ಖಾಲಿ ಪೊಟ್ಟಣಗಳೆಲ್ಲ ಸರಿಯಾಗಿ ವಾಪಸ್ ಬಂದಿವೆ. ಅಂದರೆ ಔಷಧಿಯ ಪುಡಿ ಹೊಟ್ಟೆಗೆ ಹೋಗಿದೆ. ಶುರುವಿನಲ್ಲಿ ರಕ್ತದಲ್ಲಿನ ಮಟ್ಟ ಎಷ್ಟು ಚೆನ್ನಾಗಿ ಇಳಿದಿತ್ತು! ಈಗ ನೋಡಿ, ಏರಿ ಕೂತಿದೆ. ಔಷಧಿ ತಪ್ಪಿಲ್ಲ ಅಂದಮೇಲೆ ಊಟ ತಪ್ಪಿರಬೇಕು." ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದರು. "ಮುಂದಿನ ಸಲವೂ ಹೀಗೇ ಇದ್ದರೆ ಕೃತ್ತಿಕಾಳನ್ನು ಈ ಪ್ರಯೋಗದಿಂದ ಕೈಬಿಡಬೇಕಾಗುತ್ತೆ. ನನಗೂ ಮನಸ್ಸಿಲ್ಲ. ನಿಯಮ ಹಾಗಿದೆ."

ಸುಗನ್ಯಾಳ ಕುತ್ತಿಗೆ ಕೆಂಪಾಯಿತು. ಮೂಲೆಯಲ್ಲಿದ್ದ ನರ್ಸು ಎದ್ದು ಬಂದು ಮೇಜಿನ ಫ್ಯಾನನ್ನು ಅವಳ ಕಡೆ ತಿರುಗಿಸಿ ಹೋದಳು. ಅಷ್ಟು ಹೊತ್ತಿನಲ್ಲಿ ವಿಜಯಕುಮಾರಿ ಒಂದು ಮಾತು ಆಡಬಹುದಾಗಿತ್ತು. ಬಾಯಿ ಒಣಗಿತ್ತು ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೊರಗೆ ಬಂದಮೇಲೆ "ಆಟೋ ಹಿಡಿಯೋಣ ಸುಗನ್ಯಾ, ಬಿಸಿಲು" ಎನ್ನುವುದಕ್ಕೆ ಅದೇ ಬಾಯಿಗೆ ಯಾವ ಅಡ್ಡಿಯೂ ಆಗಲಿಲ್ಲ.

ಕೃತ್ತಿಕಾಗೆ ಈಗ ಹದಿಮೂರು. ಹುಟ್ಟಿದ ವಾರದಲ್ಲೇ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಕಾಯಿಲೆ ಗೊತ್ತಾಗಿತ್ತು. ಪಿ.ಕೆ.ಯು. ಎನ್ನುತ್ತಾರೆ. ಬೇಳೆ, ಹಾಲು, ಮೊಸರು, ಮೊಟ್ಟೆ, ಕಡಲೆಕಾಯಿ, ಹೀಗೆ ಬೇರೆ ಮಕ್ಕಳ ಮೈ ತುಂಬಿಸುವ ಪದಾರ್ಥಗಳಲ್ಲಿರುವ ಒಂದು ಅಂಶವನ್ನು ಅರಗಿಸುವ ಶಕ್ತಿ ಇಂಥ ಮಕ್ಕಳಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಅರಗದೆ ಉಳಿದದ್ದು ರಕ್ತದಲ್ಲಿ ಸೇರಿ ಮಿದುಳನ್ನು ಕೆಡಿಸುತ್ತದೆ. ಹಾಗಾಗಿ ಹುಡುಗಿ ಬೆಳೆದದ್ದು ಜವ್ವರಿಸಿ ಎನ್ನುವ ಸಬ್ಬಕ್ಕಿ, ಮರಗೆಣಸು, ತರಕಾರಿ, ತೂಗಿದ ಅನ್ನ ಮತ್ತು ಮೂಗು ಮುಚ್ಚಿ ಕುಡಿಯುವ, ಡಬ್ಬಿಯಲ್ಲಿ ಬರುವ ಒಂದು ಪೌಷ್ಟಿಕ ಪುಡಿಯ ಮೇಲೆ. ನೆರೆಮನೆಯ ಹುಟ್ಟುಹಬ್ಬಕ್ಕೆ ಹೋದರೆ ಬಲೂನು ತರುತ್ತಿದ್ದಳು, ಕೇಕು ಬಿಟ್ಟು ಬರುತ್ತಿದ್ದಳು.

ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ ಅದು. ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ವಂಶವನ್ನು ಬರೆದಾಗ, ಗೆರೆಗಳೆಲ್ಲ ತಿರುಗಿ ತಿರುಗಿ ಒಂದೇ ಮನೆಗೆ ಬರುತ್ತಿದ್ದವು. ಬರಮಾಡಿಕೊಂಡವಳು ವಿಜಯಕುಮಾರಿ. ಅಣ್ಣ ಮಾರಿಮುತ್ತುವಿನ ದೊಡ್ಡ ಮಗಳು ಸುಗನ್ಯಾಳನ್ನು ತನ್ನ ಮಗ ಸೆಲ್ವಕುಮಾರನಿಗೆ, ಚಿಕ್ಕ ಮಗಳು ಜಯಪ್ರಿಯಾಳನ್ನು ಕುನ್ನತ್ತೂರಿನಲ್ಲಿರುವ ತನ್ನ ತಂಗಿಯ ಮಗ ಲೋಗನಾಥನಿಗೆ ಅವಳೇ ಹಠ ಹಿಡಿದು ತಂದುಕೊಂಡಿದ್ದಳು. ಮಗ್ಗದವರ ಮನೆ, ತಮಿಳು ಸೀಮೆಯಲ್ಲಿ ಕನ್ನಡ ಮಾತಿನ ಮನೆ, ಹೆಣ್ಣು ಹೊರಗೆ ಹೋದರೆ ಮಾತು ಹೊರಗೆ ಹೋದಂತೆ ಎಂದಿದ್ದಳು. ಆ ದಿನ ಡಾಕ್ಟರ ಕೋಣೆಯಲ್ಲಿ ಎಲ್ಲರೂ ಗೆರೆ ನೋಡಿದರು. ಯಾರೂ ವಿಜಯಕುಮಾರಿಯ ಮುಖ ನೋಡಲಿಲ್ಲ. ಸುಗನ್ಯಾ ಮಾತ್ರ ಹೊರಗೆ ಬಂದು "ನೀರ್ ಕುಡೀತೀರಾ ಅತ್ತೆ?" ಎಂದು ಬಾಟಲಿ ತೆರೆದು ಕೊಟ್ಟಿದ್ದಳು.

ಪ್ರಯೋಗ ಶುರುವಾಗುತ್ತದೆ, ಹನ್ನೆರಡು ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ ಎಂದಾಗ ಮನೆಯಲ್ಲಿ ಹಬ್ಬವೇ ಆಯಿತು. ಡಾಕ್ಟರು ವಿವರಿಸಿದ್ದು ವಿಜಯಕುಮಾರಿಗೆ ಕೂಡಲೇ ತಲೆಗೆ ಹೋಯಿತು. ಆ ಕಾಲದಲ್ಲೇ ಬಿ.ಎ. ಮಾಡಿದವಳು, ನೆಂಟರಿಷ್ಟರೆಲ್ಲ ಮಾತ್ರೆಯ ಚೀಟಿ ಓದಿಸುವುದು ಅವಳಿಂದಲೇ.

"ಕರುಳಿನಲ್ಲಿ ಇರುವ ಒಳ್ಳೆಯ ಬ್ಯಾಕ್ಟೀರಿಯಾ ಇದು," ಎಂದಿದ್ದರು ಡಾಕ್ಟರು. "ಅದರ ಜೀನನ್ನು ತಿದ್ದಿ, ನಿಮ್ಮ ಮೊಮ್ಮಗಳಿಗೆ ಅರಗದ್ದನ್ನು ಅದು ತಿನ್ನುವ ಹಾಗೆ ಮಾಡಿದ್ದಾರೆ. ಊಟದ ಜೊತೆ ಕುಡಿದರೆ, ಅವಳ ಬದಲು ಅದು ಅರಗಿಸುತ್ತೆ."

"ಅಂದರೆ ಜೀವ ಇರೋದು. ಮೊಸರಿನ ಹೆಪ್ಪಿನ ಹಾಗೆ?"

"ಆಮಾಂಗ, ಹೆಪ್ಪಿನ ಹಾಗೇ!" ಎಂದು ಡಾಕ್ಟರು ನಕ್ಕರು. ಆಮೇಲೆ ಇನ್ನೂ ಏನೇನೋ ಹೇಳಿದರು, ಕೃತ್ತಿಕಾ ಬಾಯಿ ಬಿಟ್ಟುಕೊಂಡು ಕೇಳಿದಳು. ವಿಜಯಕುಮಾರಿ ಹೌದು ಎಂದ ಆ ಒಂದು "ಆಮಾಂಗ" ಎನ್ನುವುದನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಸುಗನ್ಯಾ ತುಡಿಯಲೂರಿನ ಪಂಪು ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸದವಳು. ಬೆಳಗ್ಗೆ ಬೇಗ ಹೊರಡಬೇಕು. ಹಾಗಾಗಿ ಫ್ರಿಜ್ಜಿನಲ್ಲಿದ್ದ ಪೊಟ್ಟಣ ಒಡೆದು, ನೀರಿಗೆ ಕದಡಿ, ಮೊಮ್ಮಗಳಿಗೆ ಬೆಳಗ್ಗೆ ಸಂಜೆ ಕುಡಿಸುವುದು ವಿಜಯಕುಮಾರಿಯ ಪಾಲಿಗೆ ಬಂತು. ಮೊದಲ ರಕ್ತಪರೀಕ್ಷೆಯಲ್ಲಿ ಮಟ್ಟ ಇಳಿದದ್ದು ಕಂಡು, ಡಾಕ್ಟರು ದಿನಕ್ಕೆ ಒಂದು ಚಮಚ ಬೇಳೆಗೆ ಒಪ್ಪಿಗೆ ಕೊಟ್ಟರು. ಆ ದಿನ ಕೃತ್ತಿಕಾ ಬೇಳೆಗೆ ತುಪ್ಪ ಬಿಟ್ಟುಕೊಂಡು, ಬೆರಳ ತುದಿಯಲ್ಲಿ ಮುಟ್ಟಿ ಮುಟ್ಟಿ, ಊಟ ಮುಗಿದ ಮೇಲೂ ಕೈ ತೊಳೆಯದೆ ಕೂತಿದ್ದಳು. "ಏನೇ ಇದು, ಬೇಳೆಗೆ ಕಾವಲಾ?" ಎಂದು ಅವಳಪ್ಪ ಛೇಡಿಸಿದ.

ಆ ಸುದ್ದಿ ಕುನ್ನತ್ತೂರಿಗೂ ಹೋಯಿತು. ಅಲ್ಲಿ ಜಯಪ್ರಿಯಾಳ ಮಗಳಿಗೂ ಇದೇ ಕಾಯಿಲೆ. ಎಲ್ಲರೂ ಕಣ್ಣಮ್ಮ ಎಂದೇ ಕರೆಯುವ ಆ ಮಗುವಿಗೆ ನಾಲ್ಕು ವರ್ಷ. ಹುಟ್ಟಿದಾಗ ರಕ್ತಪರೀಕ್ಷೆ ಮಾಡಿಸದೆ, ಕಾಯಿಲೆ ತಡವಾಗಿ ಗೊತ್ತಾಗಿ ಮಾತು ಹಿಂದೆ ಬಿದ್ದಿತ್ತು. ಪ್ರಯೋಗಕ್ಕೆ ಅವಳು ತೀರ ಚಿಕ್ಕವಳು, ಸೇರಿಸಿಕೊಳ್ಳಲಿಲ್ಲ.

"ಅತ್ತೆ, ಆ ಪುಡೀಲಿ ಒಂದು ಚಿಟಿಕೆ ಸಿಕ್ಕಲ್ವಾ? ಹೆಪ್ಪು ತರಹ ಅಂತೀರಲ್ಲ," ಎಂದಳು ಜಯಪ್ರಿಯಾ ಫೋನಿನಲ್ಲಿ.

ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವುದು ಆ ಮನೆತನದಲ್ಲಿ ಇಲ್ಲ. ಜಗಳವಾಡಿದ ಓರಗಿತ್ತಿ ಬಂದು ಬಟ್ಟಲು ಹಿಡಿದರೂ ಒಂದು ಚಮಚ ಹಾಕಬೇಕು. ಕೊಟ್ಟರೆ ಕಡಿಮೆಯಾಗುವ ಪದಾರ್ಥವೇ ಅಲ್ಲ ಅದು. ವಿಜಯಕುಮಾರಿಯ ಮನೆಯ ಹೆಪ್ಪು ಅವಳ ಅತ್ತೆಯ ಅತ್ತೆ ಕೊಟ್ಟದ್ದು. ಅರ್ಧ ಬೀದಿಯ ಮೊಸರು ಅದರದ್ದೇ. ಹಾಗಿರುವಾಗ ಈ ಹೊಸ ಹೆಪ್ಪನ್ನು ಬಚ್ಚಿಡುವುದು ಯಾವ ನ್ಯಾಯ? ಒಂದು ಬೆಳಗ್ಗೆ ಅವಳು ಪೊಟ್ಟಣವನ್ನು ಅರ್ಧ ಮಾಡಿದಳು. ಹಾಲು ಆ ಮಕ್ಕಳಿಗೆ ಆಗದು, ಆದ್ದರಿಂದ ಉಗುರುಬೆಚ್ಚಗಿನ ಜವ್ವರಿಸಿ ಗಂಜಿಯಲ್ಲಿ ಕದಡಿ, ಬಟ್ಟೆ ಸುತ್ತಿ ಒಲೆಯ ಪಕ್ಕ ಇಟ್ಟಳು. ಮರುದಿನ ಗಂಜಿ ಗುಳ್ಳೆ ಎದ್ದು ಹುಳಿ ಬಂದಿತ್ತು. ಹೆಪ್ಪು ಹತ್ತಿತು ಎಂದು ಅವಳಿಗೆ ಮೈ ಝುಮ್ಮೆಂದಿತು. ವಾರಕ್ಕೊಮ್ಮೆ ಸೀರೆಗಳನ್ನು ಹೊತ್ತು ಸೆಲ್ವಕುಮಾರನ ಅಂಗಡಿಗೆ ಬರುವ ಲೋಗನಾಥ ಮನೆಗೂ ಬಂದು ಕಾಫಿ ಕುಡಿದು ಹೋಗುತ್ತಿದ್ದ. ಅವನ ಕೈಗೆ ಮುಚ್ಚಳ, ಹಿಡಿ ಇರುವ ತೂಕುಪಾತ್ರೆ ಕೊಟ್ಟು, "ಕಣ್ಣಮ್ಮಂಗೆ. ಜಯಪ್ರಿಯಾಗೆ ಗೊತ್ತು" ಎಂದಳು.

ಮುಂದಿನ ವಾರ ಪಾತ್ರೆ ತುಂಬ ನುಗ್ಗೆಕಾಯಿ ಬಂತು, ಜೊತೆಗೆ ಫೋನೂ ಬಂತು. "ಅತ್ತೆ, ಕಣ್ಣಮ್ಮ 'ತಾ' ಅಂತಾಳೆ! ನೀವ್ ನಮ್ ಪಾಲಿಗೆ ಸಾಮಿ ಅತ್ತೆ." ಶಕ್ತಿ ಸಾಲದೇನೋ ಎಂದು ಆ ವಾರವೂ ಅರ್ಧ ಪೊಟ್ಟಣ ಗಂಜಿಗೆ ಹೋಯಿತು. ಆಮೇಲೆ ಅದು ವಾರದ ಮಾತಾಗಿ ಉಳಿಯಲಿಲ್ಲ. ಬೆಳಗ್ಗೆ ಅರ್ಧ ಕೃತ್ತಿಕಾಗೆ, ಅರ್ಧ ಗಂಜಿಗೆ. ಖಾಲಿ ಪೊಟ್ಟಣವನ್ನು ನೀಟಾಗಿ ಮಡಚಿ ಆಸ್ಪತ್ರೆಯ ಚೀಲಕ್ಕೆ. ಕೃತ್ತಿಕಾ ಸಿಡುಕುತ್ತಿದ್ದಳು, ಪಾಠ ತಲೆಗೆ ಹತ್ತುವುದಿಲ್ಲ ಎಂದು ಪುಸ್ತಕ ಎಸೆಯುತ್ತಿದ್ದಳು. ವಯಸ್ಸು ಹಾಗೆ ಎಂದುಕೊಂಡಳು ಅಜ್ಜಿ.

ಆಸ್ಪತ್ರೆಯಿಂದ ಬಂದ ಸಂಜೆ ಸೆಲ್ವಕುಮಾರ ಅಂಗಡಿ ಬೇಗ ಮುಚ್ಚಿ ಬಂದ. ಚಪ್ಪಲಿ ಬಿಡುವ ಮೊದಲೇ ಕೇಳಿದ: "ಏನ್ ತಿಂದೆ? ಸ್ಕೂಲ್ ಎದುರ್ಗೆ ಬೇಕರಿ ಇದೆಯಲ್ಲ, ಎಗ್ ಪಪ್ಸಾ?"

"ಸತ್ಯಮಾ ನಾನ್ ತಿನ್ನಲಿಲ್ಲಪ್ಪ," ಎಂದಳು ಕೃತ್ತಿಕಾ.

"ಪೊಯ್, ಸುಳ್ಳು ಹೇಳ್ಬೇಡ. ಪೊಟ್ಟಣ ಪೊಟ್ಟಣವಾಗಿ ಔಷಧಿ ಕುಡಿದು ಏರುತ್ತಾ?" ಅವನು ಅವಳ ಶಾಲೆಯ ಚೀಲ ಎತ್ತಿ ಮಂಚದ ಮೇಲೆ ಕೊಡವಿದ. ಪುಸ್ತಕ ಬಿದ್ದವು, ಕಂಪಾಸ್ ಡಬ್ಬಿ ಬಿತ್ತು, ಕೊನೆಗೆ ಪೇಪರಿನಲ್ಲಿ ಸುತ್ತಿದ ಒಂದು ಚಿಕ್ಕ ಪೊಟ್ಟಣ ಬಿದ್ದು ಬಿಚ್ಚಿಕೊಂಡಿತು. ಅದು ಹುಡುಗಿ ತಿಂಗಳ ದಿನಗಳಿಗೆಂದು ಇಟ್ಟುಕೊಂಡದ್ದು. ಸೆಲ್ವಕುಮಾರ ತಟ್ಟನೆ ಗೋಡೆಯ ಕಡೆ ತಿರುಗಿದ. ಸುಗನ್ಯಾ ಓಡಿಬಂದು ಅದನ್ನು ಪುಸ್ತಕದ ಅಡಿಗೆ ಸೇರಿಸಿದಳು. ಕೃತ್ತಿಕಾ ಅಳಲಿಲ್ಲ, ಎರಡು ಕಿವಿಯೂ ಕೆಂಪಾಗಿ, ಕಾಲ ಹೆಬ್ಬೆರಳು ನೋಡುತ್ತ ನಿಂತಳು.

ಅವಮಾನವಾದ ಗಂಡಸಿಗೆ ಕೋಪ ಎಲ್ಲಾದರೂ ಇಳಿಯಬೇಕು. "ನೀನು ಕಾರ್ಖಾನೇಲಿ ತಂತಿ ಸುತ್ತಕ್ಕೆ ಹೋದ್ರೆ ಮಗು ಏನ್ ತಿನ್ನುತ್ತೆ ಅಂತ ಯಾರ್ ನೋಡ್ತಾರೆ? ಸಾಕು, ಕೆಲಸ ಬಿಟ್ಬುಡು," ಎಂದ ಹೆಂಡತಿಗೆ.

"ಯಾಕೆ, ಅತ್ತೆ ಇಲ್ವಾ ಮನೇಲಿ?" ಎಂದಳು ಸುಗನ್ಯಾ. "ನನಗಿಂತ ಚೆನ್ನಾಗಿ ನೋಡ್ಕೋತಾರೆ. ಅತ್ತೇನ ಕೇಳಿ."

ಎಲ್ಲರೂ ವಿಜಯಕುಮಾರಿಯ ಕಡೆ ತಿರುಗಿದರು. ಹೇಳಬೇಕಾದ ಮಾತು ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಕೃತ್ತಿಕಾ ಒದರಿದಳು: "ನಾನೇ ತಿಂದೆ! ಪನೀರ್ ಪಪ್ಸ್. ನಮ್ ಕ್ಲಾಸಿನ ಕಾರ್ತಿ ಅವಳ ಹುಟ್ಟಿದ ದಿನಕ್ಕೆ ಕೊಟ್ಟಳು. ಆಮೇಲೂ ತಿಂದೆ. ಅಮ್ಮನ್ನ ಯಾಕ್ ಬೈತೀರಿ?"

ಮನೆ ತಣ್ಣಗಾಯಿತು. ಸೆಲ್ವಕುಮಾರ "ಹಂಗ್ ಹೇಳು ಮೊದಲೇ" ಎಂದು ಸ್ನಾನಕ್ಕೆ ಹೋದ. ಗಂಟಲಿನವರೆಗೆ ಬಂದ ಮಾತನ್ನು ವಿಜಯಕುಮಾರಿ ಎಂಜಲಿನೊಂದಿಗೆ ನುಂಗಿದಳು. ಒಂದು ಕ್ಷಣ, ದೇವರಾಣೆ, ಅವಳಿಗೆ ಹಾಯೆನಿಸಿತು. ಹುಡುಗಿ ತಿಂದಿರಬಹುದು, ಹಾಗಾದರೆ ತನ್ನ ಅರ್ಧ ಪೊಟ್ಟಣದ ತಪ್ಪು ಅಷ್ಟೇನೂ ದೊಡ್ಡದಲ್ಲ. ಆ ಹಾಯೆನಿಸಿದ್ದನ್ನು ನೆನೆದರೆ ಇವತ್ತಿಗೂ ಅವಳಿಗೆ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ.

ಮರುದಿನ ಶನಿವಾರ, ಶಾಲೆಯಿಲ್ಲ. ಸುಗನ್ಯಾ ಅರ್ಧ ದಿನದ ಕೆಲಸಕ್ಕೆ ಹೋಗಿದ್ದಳು. ಹಿತ್ತಿಲ ಮೆಟ್ಟಿಲಲ್ಲಿ ಅಜ್ಜಿ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರೆ ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. ಕೇಳದೆಯೇ ಇನ್ನೊಂದು ಚಾಕು ತೆಗೆದುಕೊಂಡಳು.

"ಅಜ್ಜಿ, ನಾನ್ ತಿನ್ನಲಿಲ್ಲ. ನಿಮ್ಗೆ ಮಾತ್ರ ಹೇಳ್ತಿದ್ದೀನಿ."

ವಿಜಯಕುಮಾರಿಯ ಚಾಕು ನಿಂತಿತು.

"ಹಂಗ್ ಹೇಳದಿದ್ರೆ ಅಮ್ಮನ್ನ ಕೆಲಸ ಬಿಡಿಸ್ಬಿಡ್ತಿದ್ರು. ಬಿಟ್ರೆ ಅಮ್ಮ ಒಂದೇ ವಾರದಲ್ಲಿ ನಮ್ಮನ್ನೆಲ್ಲ ತಂತಿ ಸುತ್ತಿ ಇಟ್ಬಿಡ್ತಾಳೆ." ತನ್ನ ಜೋಕಿಗೆ ತಾನೇ ನಕ್ಕಳು. ಆಮೇಲೆ ಗೆಣಸಿನ ತುಂಡನ್ನು ನೀರಿಗೆ ಹಾಕುತ್ತ ಮೆಲ್ಲಗೆ ಹೇಳಿದಳು: "ಆದ್ರೆ ಏರಿರೋದು ಹೆಂಗೆ ಅಜ್ಜಿ? ನನ್ ಉಡಂಬೇ, ಈ ಮೈಯೇ ಸರಿ ಇಲ್ಲ ಅನ್ಸುತ್ತೆ. ಆ ಬ್ಯಾಕ್ಟೀರಿಯಾಗೂ ನಾನು ಬೇಡವಾದೆ."

ಇಷ್ಟು ಹೊತ್ತು ಹಿಡಿದಿದ್ದು ಅಲ್ಲಿಗೆ ಹರಿಯಿತು. ಡಾಕ್ಟರ ಮುಂದೆ ಬಾರದ ಮಾತು, ಮಗನ ಮುಂದೆ ಬಾರದ ಮಾತು, ಗೆಣಸಿನ ಸಿಪ್ಪೆಯ ರಾಶಿಯ ಮುಂದೆ ಹೊರಗೆ ಬಿತ್ತು. ಅರ್ಧ ಪೊಟ್ಟಣ, ಗಂಜಿ, ತೂಕುಪಾತ್ರೆ, ಕಣ್ಣಮ್ಮ.

ಕೃತ್ತಿಕಾ ಬಾಯಿ ತೆರೆದು ಕೇಳಿದಳು. ಅವಳ ಮುಖದಲ್ಲಿ ಮೊದಲು ಕಂಡದ್ದು ಸಂತೋಷ. "ಅಂದ್ರೆ ನನ್ ಮೈ ಸರಿ ಇದೆಯಾ? ಪೂರ್ತಿ ಕುಡಿದ್ರೆ ಇಳಿಯುತ್ತಾ?" ಎಂದಳು. ಆ ಸಂತೋಷವನ್ನು ನೋಡಲಾರದೆ ವಿಜಯಕುಮಾರಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆದ್ರೆ ಅದು ಬೆಳೆಯೋಲ್ಲ ಅಜ್ಜಿ."

"ಹೆಪ್ಪು ಬೆಳೆಯದೆ ಇರುತ್ತಾ?"

"ಡಾಕ್ಟರ್ ಹೇಳಲಿಲ್ವಾ ಆವತ್ತು? ಹೊರಗೆ ಬೆಳೀಬಾರ್ದು ಅಂತಾನೇ ಹಂಗೆ ಮಾಡಿರೋದು. ಅದಕ್ಕೆ ಒಂದು ತನಿ ಸಾಪಾಟು, ಬೇರೇನೇ ಊಟ ಬೇಕು, ಅದನ್ನ ಲ್ಯಾಬಲ್ಲಿ ಮಾತ್ರ ಹಾಕ್ತಾರೆ. ಅದಿಲ್ದೆ ಒಂದು ಎರಡಾಗೋಲ್ಲ. ನನ್ ಹೊಟ್ಟೇಲೂ ವಸಿ ಹೊತ್ತು ಕೆಲಸ ಮಾಡಿ ಸತ್ತೋಗುತ್ತೆ. ಅದಕ್ಕೆ ತಾನೆ ದಿನಾ ಕುಡಿಯೋದು?"

"ಮತ್ತೆ ಗಂಜಿ ಹುಳಿ ಬಂತಲ್ಲ, ನನ್ ಕಣ್ಣು?"

"ದೋಸೆಹಿಟ್ಟಿಗೆ ನೀವ್ ಏನ್ ಪುಡಿ ಹಾಕ್ತೀರಿ?" ಎಂದಳು ಹುಡುಗಿ. ಸೊಕ್ಕಿನಿಂದ ಕೇಳಿದ್ದಲ್ಲ. ಆಮೇಲೆ ಅವಳ ಮುಖ ಸಣ್ಣಗಾಯಿತು. "ಕಣ್ಣಮ್ಮ ಪಾವಂ ಅಜ್ಜಿ. ಪ್ರಿಯಾ ಚಿಕ್ಕಮ್ಮ ಅವಳಿಗೆ ಮೊಟ್ಟೆ ಕೊಡ್ತಿದ್ದೀನಿ ಅಂದ್ರಲ್ಲ ಮೊನ್ನೆ. ಔಷಧಿ ಇದೆ ಅಂತ."

ಅದು ವಿಜಯಕುಮಾರಿಗೂ ಗೊತ್ತಿತ್ತು. ಜಯಪ್ರಿಯಾ ಹೇಳಿದಾಗ "ಸ್ವಲ್ಪ ಸ್ವಲ್ಪ ಕೊಡು" ಎಂದು ಬುದ್ಧಿ ಹೇಳಿದವಳೂ ಅವಳೇ.

"ಅಮ್ಮಂಗೆ ನೀವೇ ಹೇಳಿ," ಎಂದಳು ಕೃತ್ತಿಕಾ ಏಳುತ್ತ. "ನಾನ್ ಹೇಳಿದ್ರೆ ಕೋಳು, ಚಾಡಿ ಹೇಳಿದ ಹಂಗಾಗುತ್ತೆ." ಒಳಗೆ ಹೋಗಿ ಫ್ರಿಜ್ಜು ತೆರೆದು, ತಾನೇ ಒಂದು ಪೊಟ್ಟಣ ಒಡೆದು ಕುಡಿದಳು. ಲೋಟ ತೊಳೆಯುವ ಸದ್ದು ಕೇಳಿಸಿತು.

ಮಧ್ಯಾಹ್ನ ಸುಗನ್ಯಾ ಬಂದಳು. ತಂತಿಯ ಮೆರುಗೆಣ್ಣೆಯ ವಾಸನೆ ಹೋಗಲೆಂದು ನಲ್ಲಿಯ ಕೆಳಗೆ ಕೈಯುಜ್ಜುತ್ತಿದ್ದಾಗ ವಿಜಯಕುಮಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಸುಗನ್ಯಾ ತಿರುಗಲಿಲ್ಲ. ಸಾಬೂನು ತೊಳೆದು, ಮತ್ತೆ ಸಾಬೂನು ಹಚ್ಚಿ, ಮತ್ತೆ ತೊಳೆದಳು.

"ನಿನ್ನೆ ಡಾಕ್ಟರ್ ಕೇಳಿದಾಗ ಪಕ್ಕದಲ್ಲೇ ಇದ್ರಲ್ಲ ಅತ್ತೆ."

"ಇದ್ದೆ."

"ಇವರು ಬ್ಯಾಗ್ ಕೊಡವಿದಾಗಲೂ ಇದ್ರಿ."

"ಇದ್ದೆ ಸುಗನ್ಯಾ."

ಬೈದಿದ್ದರೆ ಅಳಬಹುದಿತ್ತು. ಸುಗನ್ಯಾ ಕೈ ಒರೆಸಿಕೊಂಡು ಆಸ್ಪತ್ರೆಗೆ ಫೋನು ಹಚ್ಚಿ, "ಅತ್ತೆ ಮಾತಾಡ್ತಾರಂಗ" ಎಂದಷ್ಟೇ ಹೇಳಿ ಕೈಗೆ ಕೊಟ್ಟಳು. ಡಾಕ್ಟರ್ ಪ್ರಭಾಕರನ್ ಕೇಳಿಸಿಕೊಂಡರು. ಆ ಕಡೆ ಪೆನ್ನಿನ ತುದಿ ಮೇಜಿಗೆ ತಟ್ಟುವ ಸದ್ದು ನಿಂತಿತು. ಇದನ್ನು ಮೇಲಿನವರಿಗೆ ಬರೆದು ತಿಳಿಸಲೇಬೇಕು ಎಂದರು. ಕೃತ್ತಿಕಾ ಉಳಿಯುವಳೋ ಇಲ್ಲವೋ ಅದನ್ನು ಸಮಿತಿ ಹೇಳಬೇಕು, ತನ್ನ ಕೈಯಲ್ಲಿಲ್ಲ. "ನಾನೂ ಹೆಪ್ಪಿನ ಹಾಗೆ ಅಂದುಬಿಟ್ಟೆ. ಅಲ್ಲೇ ನಿಲ್ಲಿಸಿ ನಿಮಗೆ ಅರ್ಥವಾಯಿತಾ ಅಂತ ಕೇಳಬೇಕಿತ್ತಮ್ಮಾ," ಎಂದರು. ತಪ್ಪಿನಲ್ಲಿ ಒಂದು ಪಾಲು ತಾವು ಎತ್ತಿಕೊಳ್ಳಲು ನೋಡಿದರು, ದೊಡ್ಡ ಮನುಷ್ಯ. ವಿಜಯಕುಮಾರಿಗೆ ಅದನ್ನು ಕೊಡಲು ಮನಸ್ಸು ಬರಲಿಲ್ಲ. "ಇಲ್ಲಂಗ, ಹೇಳಿದ್ರಿ. ನಾನ್ ಕೇಳಲಿಲ್ಲ," ಎಂದಳು. ಕೊನೆಗೆ ಅವರ ದನಿ ಬಿಗಿಯಾಯಿತು: ಆ ಚಿಕ್ಕ ಮಗುವಿಗೆ ಮೊಟ್ಟೆ ಇವತ್ತೇ ನಿಲ್ಲಬೇಕು, ಸೋಮವಾರ ರಕ್ತ ಕೊಡಬೇಕು.

"ಪ್ರಿಯಾಗೆ ಯಾರ್ ಹೇಳೋದು?" ಎಂದಳು ಸುಗನ್ಯಾ.

"ನಾನೇ ಹೋಗ್ತೀನಿ. ಫೋನಲ್ಲಿ ಹೇಳೋ ಮಾತಲ್ಲ. ಮೊಟ್ಟೆ ಬೇಡ ಅಂತ ಮಾತ್ರ ನೀನು ಈಗಲೇ ಒಂದು ಮಾತು ಹೇಳ್ಬುಡು."

ಸುಗನ್ಯಾ ಫೋನು ಮಾಡಿದಳು, ತಂಗಿ ಎತ್ತಲಿಲ್ಲ. ಮಗ್ಗ ಓಡುವಾಗ ಆ ಮನೆಯಲ್ಲಿ ಫೋನು ಕೇಳಿಸುವುದಿಲ್ಲ. ವಿಜಯಕುಮಾರಿ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ತಟ್ಟೆ ಇಟ್ಟ ಸದ್ದಾಯಿತು. "ತಿಂದ್ಕೊಂಡು ಹೋಗಿ. ಎರಡು ಬಸ್ ಹತ್ತಬೇಕು, ಶುಗರ್ ಇಳಿದ್ಬುಡುತ್ತೆ," ಎಂದಳು ಸುಗನ್ಯಾ, ಮುಖ ನೋಡದೆ. ಅನ್ನದ ಪಕ್ಕದಲ್ಲಿ ಅತ್ತೆಗೆ ಇಷ್ಟವೆಂದು ಎರಡು ಹಪ್ಪಳವನ್ನೂ ಇಟ್ಟಿದ್ದಳು. ಅದನ್ನು ತಿನ್ನುವುದು ಆ ದಿನ ಅವಳು ಮಾಡಿದ ಅತಿ ಕಷ್ಟದ ಕೆಲಸವೆನ್ನಿಸಿತು. ಇನ್ನೂ ಕುನ್ನತ್ತೂರು ಬಂದಿರಲಿಲ್ಲ.

ಕುನ್ನತ್ತೂರಿನಲ್ಲಿ ಬಸ್ಸಿಳಿದು ನಡೆಯುವಾಗಲೇ ಲೋಗನಾಥನ ಪವರ್‌ಲೂಮಿನ ಸದ್ದು ಬೀದಿಗೆ ಕೇಳುತ್ತಿತ್ತು. ಜಯಪ್ರಿಯಾ ಬಾಗಿಲಲ್ಲಿ ಕಂಡವಳೇ ಅರಳಿದಳು. "ವಾಂಗ ವಾಂಗ ಅತ್ತೆ! ಹೇಳದೆ ಬಂದ್ರಲ್ಲ! ಲೇ ಕಣ್ಣಮ್ಮ, ಯಾರ್ ಬಂದವ್ರೆ ನೋಡು, ನಿನ್ ಗಂಜಿ ಅಜ್ಜಿ!" ಕಣ್ಣಮ್ಮ ನೆಲದಲ್ಲಿ ಕೂತಿದ್ದಳು. ಮುಂದೆ ತಟ್ಟೆ, ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆಯ ಅರ್ಧ. ಬಾಯಿಯ ಸುತ್ತ ಹಳದಿ ಪುಡಿ.

"ಇವತ್ತು ತಾನಾಗೇ ಕೈಚಾಚಿ ತಗೊಂಡಳು ಅತ್ತೆ. ಬಿಸಿಲಲ್ಲಿ ಬಂದಿದ್ದೀರಿ, ಒಂದು ಲೋಟ ಮೋರು ಕೊಡ್ಲಾ?"

"ಏನೂ ಬೇಡ. ಅದನ್ನ ಮೊದಲು ತೆಗಿ ಪ್ರಿಯಾ. ಮೊಟ್ಟೆ ತೆಗಿ."

ಜಯಪ್ರಿಯಾ ನಗುತ್ತಲೇ ತಟ್ಟೆ ಎತ್ತಿದಳು, ಏನೋ ಶಾಸ್ತ್ರವಿರಬೇಕೆಂದು. ಕಣ್ಣಮ್ಮ ಕೀರಲು ದನಿಯಲ್ಲಿ ಅಳತೊಡಗಿದಳು. ಆ ಅಳುವಿನ ಮೇಲೆಯೇ ವಿಜಯಕುಮಾರಿ ಹೇಳಿದಳು: ಆ ಗಂಜಿಯಲ್ಲಿ ಔಷಧಿ ಬೆಳೆಯಲಿಲ್ಲ, ಬೆಳೆಯುವಂಥದ್ದಲ್ಲ. ನೀನು ಕುಡಿಸಿದ್ದು ಬರೀ ಹುಳಿಗಂಜಿ. ನಾನು ಕಳಿಸಿದ ಆ ಚೂರು ಪುಡಿ ಹುಳಿಯಲ್ಲಿ ಕೂತು, ಬಸ್ಸಿನ ಬಿಸಿಲಲ್ಲಿ ಬೆಂದು, ಯಾವುದಕ್ಕೂ ಆಗದೆ ಹೋಗಿರಬೇಕು. ಅವಳ ಪಾಲಿನಿಂದ ದಿನಾ ಅರ್ಧ ಪೊಟ್ಟಣ ತೆಗೆದು ಇದಕ್ಕೆ ಹಾಕಿದೆ, ಅಲ್ಲಿ ಕೃತ್ತಿಕಾಗೂ ಏರಿದೆ. ಸೋಮವಾರ ಮಗುವನ್ನು ಆಸ್ಪತ್ರೆಗೆ ತರಬೇಕು.

ಜಯಪ್ರಿಯಾ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಸೆರಗಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಅದರ ಬಾಯಿ ಸುತ್ತಲಿನ ಹಳದಿಯನ್ನು ಒರೆಸಿದಳು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದಳು.

"'ತಾ' ಅಂದಳಲ್ಲ ಅತ್ತೆ," ಎಂದಳು.

"ಅವಳೇ ಅಂದಿದ್ದು. ಗಂಜಿ ಅನ್ನಿಸಲಿಲ್ಲ. ನಿಲ್ಲದೆ ಹೇಳ್ಕೊಟ್ಟೆಯಲ್ಲ, ಅದಕ್ಕೆ."

ಜಯಪ್ರಿಯಾ ತಲೆಯಾಡಿಸಿದಳು. ಅವಳು ಓದಿದ್ದು ಎಂಟನೆಯ ತರಗತಿ. ಅಕ್ಕನಷ್ಟು ಮಾತಿನವಳೂ ಅಲ್ಲ. ಆದರೆ ಮಗ್ಗದ ಮನೆಯವಳು, ಎಳೆ ತಪ್ಪಿದ ಜಾಗಕ್ಕೇ ಅವಳ ಕೈ ಹೋಯಿತು.

"ಮೊದಲ್ನೇ ಸಲ ಸರಿ ಅತ್ತೆ. ಹೆಪ್ಪು ಅಂದ್ಕೊಂಡ್ರಿ, ಅರ್ಧ ಹಾಕಿದ್ರಿ. ನನಗೂ ಹಂಗೇ ಅನ್ಸಿತ್ತು. ಆದ್ರೆ ಹೆಪ್ಪಿಗೆ ಯಾರಾದ್ರೂ ದಿನಾ ಹೊಸ ಹೆಪ್ಪು ತರ್ತಾರಾ? ಹಳೇ ಗಂಜೀಲಿ ಒಂದು ಚಮಚ ಎತ್ತಿ ಹೊಸದಕ್ಕೆ ಬಿಟ್ರೆ ಆಗ್ತಿತ್ತಲ್ಲ. ಆ ಮಗು ಪಾಲಿಂದ ತಿರುಗ ತಿರುಗ ಯಾಕ್ ತೆಗೆದ್ರಿ?"

ಕೃತ್ತಿಕಾ ಇದನ್ನು ಕೇಳಿರಲಿಲ್ಲ. ಸುಗನ್ಯಾ ಕೇಳಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ. ಅವರೆಲ್ಲರೂ ಅವಳನ್ನು ತಿಳಿಯದೆ ಮಾಡಿದ ಮುದುಕಿ ಎಂದು ಒಪ್ಪಿಕೊಂಡಿದ್ದರು, ಅವಳೂ ಆ ಹೊದಿಕೆಯೊಳಗೆ ಸೇರಿಕೊಂಡಿದ್ದಳು. ಈಗಲೂ ಶಕ್ತಿ ಸಾಲದೇನೋ ಅಂತ ಹಾಕಿದೆ ಎಂದರೆ ಜಯಪ್ರಿಯಾ ನಂಬುತ್ತಾಳೆ. ನಂಬುವ ಹುಡುಗಿಯೇ ಅವಳು. ಅದರಿಂದಲೇ ಇಷ್ಟೂ ಆದದ್ದು.

"ನಂಬಿಕೆ ಇದ್ದಿದ್ರೆ ಹಳೇ ಗಂಜಿಯಿಂದಲೇ ಬಿಡ್ತಿದ್ದೆ," ಎಂದಳು ವಿಜಯಕುಮಾರಿ. "ಬಿಡಲಿಲ್ಲ. ಎರಡನೇ ವಾರವೇ ಕೈ ತಾನಾಗಿ ಪೊಟ್ಟಣಕ್ಕೆ ಹೋಯ್ತು. ಅದು ಹತ್ತಲಿಲ್ಲ ಅಂತ ಕೈಗೆ ಗೊತ್ತಿತ್ತು. ಗೊತ್ತಿದೆ ಅಂತ ನಾನು ಒಪ್ಪಲಿಲ್ಲ."

"ಯಾಕತ್ತೆ?"

"ನೀನು ಸಾಮಿ ಅಂದೆ," ಎಂದಳು ವಿಜಯಕುಮಾರಿ. "ನಿಮ್ಮಿಬ್ಬರನ್ನೂ ಈ ಮನೆತನಕ್ಕೆ ತಂದು ಈ ಕಾಯಿಲೆ ಕೊಡಿಸಿದವಳು ನಾನು. ಯಾರೂ ಒಂದು ದಿನ ಬಾಯಿ ಬಿಟ್ಟು ಅನ್ನಲಿಲ್ಲ. ನೀನು ಫೋನ್ ಮಾಡಿ ಹಂಗೆ ಅಂದಾಗ, ಆ ಮಾತು ವಾರಾವಾರ ಬೇಕು ಅನ್ನಿಸ್ತು. ಕೃತ್ತಿಕಾಗೆ ಕಮ್ಮಿ ಆಗುತ್ತೆ ಅಂತ ಗೊತ್ತಿದ್ದೂ ತೆಗೆದೆ ಪ್ರಿಯಾ."

ಕಣ್ಣಮ್ಮ ಅತ್ತು ಸೋತು ತಾಯಿಯ ಭುಜಕ್ಕೆ ಒರಗಿದ್ದಳು. ಜಯಪ್ರಿಯಾ ಪರವಾಗಿಲ್ಲ ಎನ್ನಲಿಲ್ಲ, ಹೋಗಿ ಎಂದೂ ಎನ್ನಲಿಲ್ಲ. ಕೊನೆಗೆ ನಡುಬಾಗಿಲಿಗೆ ಹೋಗಿ ಮಗ್ಗದ ಕೋಣೆಯ ಕಡೆ ಕೈಬೀಸಿದಳು. ಒಂದರ ಹಿಂದೊಂದು ಮಗ್ಗ ನಿಂತವು. ಇಷ್ಟು ಹೊತ್ತು ಆ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾಗಿದ್ದ ಮನೆ ಒಮ್ಮೆಲೇ ಬರಿದಾಯಿತು. ಲೋಗನಾಥ ಕೂದಲಿನ ಮೇಲೆಲ್ಲ ನೂಲಿನ ದೂಳು ಹೊತ್ತು ಬಂದ.

"ದೊಡ್ಡಮ್ಮಾ! ಯಾವಾಗ ಬಂದ್ರಿ? ಮುಖ ಯಾಕೆ ಹಿಂಗಿದೆ?" ಎಂದವನು ಹೆಂಡತಿಯ ಕಡೆ ತಿರುಗಿದ. "ಏನಾಯ್ತು?"

"ಅವರೇ ಹೇಳ್ತಾರೆ," ಎಂದಳು ಜಯಪ್ರಿಯಾ.

ಅವನು ಗೋಡೆಗೆ ಒರಗಿಸಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಂದು, ದೂಳನ್ನು ತನ್ನ ಟವೆಲಿನಿಂದ ಒರೆಸಿ, "ಮೊದಲು ಕೂತ್ಕೊಳ್ಳಿ" ಎಂದು ಹಾಕಿದ. ವಿಜಯಕುಮಾರಿ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು, ಮತ್ತು ಈ ಸಲ ಗೊತ್ತಿದ್ದೂ ತೆಗೆದ ಆ ಎರಡನೆಯ ಪೊಟ್ಟಣದಿಂದಲೇ ಶುರುಮಾಡಿದಳು.